ದಾವೆ ಗೆದ್ದ ಮನೆಯಲ್ಲಿ ಪಾಲುಪಟ್ಟಿ

2025ರ ಅಕ್ಟೋಬರ್ 29ರ ಸಂಜೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಸಾವಿರಾರು ವಿದ್ಯಾರ್ಥಿಗಳು ಸೇರಿದ್ದರು. ಕರೆದದ್ದು ಟರ್ನಿಂಗ್ ಪಾಯಿಂಟ್ ಯುಎಸ್‌ಎ ಎಂಬ ಬಲಪಂಥೀಯ ವಿದ್ಯಾರ್ಥಿ ಸಂಘಟನೆ. ಅದನ್ನು ಕಟ್ಟಿದ ಚಾರ್ಲಿ ಕರ್ಕ್ ಯೂಟಾದ ಕ್ಯಾಂಪಸ್ಸೊಂದರಲ್ಲಿ ಗುಂಡೇಟಿಗೆ ಬಲಿಯಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ವೇದಿಕೆಯ ಮೇಲಿದ್ದವರು ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್. ಪ್ರಶ್ನೆ ಕೇಳುವ ಸರದಿಯಲ್ಲಿ ಭಾರತೀಯ ಮೂಲದ ಯುವತಿಯೊಬ್ಬರು ಮೈಕಿನ ಮುಂದೆ ಬಂದರು. ಅವರು ಕೇಳಿದ್ದರ ಸಾರ ಇಷ್ಟು: ಬನ್ನಿ, ದುಡಿಯಿರಿ, ಈ ನೆಲ ನಿಮ್ಮದೂ ಆಗುತ್ತದೆ ಅಂತ ಆಸೆ ಹುಟ್ಟಿಸಿದವರು ನೀವು. ನಾವು ನಿಯಮದ ಪ್ರಕಾರವೇ ಬಂದೆವು, ಹರೆಯವನ್ನು ಇಲ್ಲೇ ಸವೆಸಿದೆವು. ಈಗ ನಿಮ್ಮ ಸಂಖ್ಯೆ ಜಾಸ್ತಿಯಾಯಿತು ಎಂದರೆ ಹೇಗೆ?

ಕಾನೂನಿನಂತೆ ಬಂದವರಿಗೆ ಕೊಟ್ಟ ಮಾತು ಉಳಿಸಿಕೊಳ್ಳೋಣ, ಹಾಗಂತ ಮುಂದೆಯೂ ಅಷ್ಟೇ ಜನರನ್ನು ಬಿಟ್ಟುಕೊಳ್ಳಬೇಕೆಂದೇನಿಲ್ಲ ಎಂಬ ಧಾಟಿಯಲ್ಲಿ ವ್ಯಾನ್ಸ್ ಉತ್ತರಿಸಿದರು. ಹಿಂದೂ ಮನೆಯಲ್ಲಿ ಬೆಳೆದ ಪತ್ನಿ ಉಷಾ ಮುಂದೊಂದು ದಿನ ತಮ್ಮಂತೆಯೇ ಕ್ರೈಸ್ತ ಧರ್ಮದತ್ತ ಒಲಿದಾರು ಎಂಬ ಆಸೆಯನ್ನೂ ಅಲ್ಲೇ ಹೇಳಿಕೊಂಡರು. ನಮ್ಮಲ್ಲಿ ಗದ್ದಲವೆದ್ದದ್ದು ಈ ಎರಡನೆಯ ಮಾತಿಗೆ. ಗಂಡ ಹೆಂಡತಿಯ ನಂಬಿಕೆ ಅವರ ಮನೆಯ ವಿಚಾರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಯುವತಿಯ ಪ್ರಶ್ನೆ. ಅಮೆರಿಕದ ಸಂಪ್ರದಾಯವಾದಿಗಳ ಮನೆಯೊಳಗೆ ಈಗ ನಡೆದಿರುವ ಜಗಳವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತಿದೆ.

ಹೌದು, ಮನೆಯೊಳಗಿನ ಜಗಳ. ಅಮೆರಿಕದ ಸಂಸ್ಕೃತಿ ಸಮರವೆಂದರೆ ನಮಗೆ ಕಾಣುವುದು ಎರಡು ಪಾಳೆಯ: ಈ ಕಡೆ ಟ್ರಂಪ್ ಟೋಪಿ, ಆ ಕಡೆ ಕಾಮನಬಿಲ್ಲಿನ ಬಾವುಟ. ಆ ಕಾಳಗ ಇನ್ನೂ ಮುಗಿದಿಲ್ಲ ನಿಜ. ಆದರೆ ಅದರಲ್ಲಿ ದೊಡ್ಡ ದಾವೆಯೊಂದನ್ನು ಬಲಪಂಥ ಗೆದ್ದಾಗಿದೆ. ದಾವೆ ಗೆದ್ದ ಮನೆಗಳಲ್ಲಿ ಮುಂದೆ ಏನಾಗುತ್ತದೆ ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎದುರು ಪಾರ್ಟಿಯ ಮೇಲೆ ಕೋರ್ಟಿಗೆ ಅಲೆಯುವಷ್ಟು ವರ್ಷವೂ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಡಿಕ್ರಿ ಕೈಗೆ ಬಂದ ಮರುದಿನವೇ ಬದುವಿನ ಕಲ್ಲಿನ ಮಾತು ಏಳುತ್ತದೆ.

ಈ ಅಣ್ಣತಮ್ಮಂದಿರು ಒಂದಾದದ್ದು 1950ರ ದಶಕದಲ್ಲಿ. ವಿಲಿಯಂ ಎಫ್. ಬಕ್ಲಿ 1955ರಲ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಶುರುಮಾಡಿ ಮೂರು ಬಗೆಯ ಜನರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಮಾರುಕಟ್ಟೆಗೆ ಸರ್ಕಾರ ಕೈಹಾಕಬಾರದು ಎನ್ನುವವರು, ಚರ್ಚು–ಕುಟುಂಬಗಳ ಕಟ್ಟುಪಾಡು ಸಡಿಲವಾಗಬಾರದು ಎನ್ನುವವರು, ಕಮ್ಯುನಿಸಂ ಸೋಲಲೇಬೇಕು ಎನ್ನುವವರು. ಯೋಚಿಸಿದರೆ ಮೊದಲನೆಯವರಿಗೂ ಎರಡನೆಯವರಿಗೂ ಎಣ್ಣೆ ಸೀಗೇಕಾಯಿ. ಭಾನುವಾರ ಅಂಗಡಿ ತೆರೆಯಲಿ ಅನ್ನುವುದು ಮಾರುಕಟ್ಟೆ, ಮುಚ್ಚಲಿ ಅನ್ನುವುದು ಚರ್ಚು. ಆದರೂ ಎದುರಿಗೆ ಸೋವಿಯತ್ ಒಕ್ಕೂಟ ಇರುವ ತನಕ ಯಾರೂ ದನಿ ಎತ್ತರಿಸಲಿಲ್ಲ. ಈ ಕೂಡುಕುಟುಂಬ 1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ನಿಲ್ಲಿಸಿ ಹೀನಾಯವಾಗಿ ಸೋತಿತು, 1980ರಲ್ಲಿ ರೊನಾಲ್ಡ್ ರೇಗನ್ ಅವರನ್ನು ಗೆಲ್ಲಿಸಿಕೊಂಡಿತು. 1991ರಲ್ಲಿ ಸೋವಿಯತ್ ಒಕ್ಕೂಟ ಚದುರಿ ಮೊದಲ ದಾವೆ ಮುಗಿಯಿತು.

ಉಳಿದದ್ದು ಗರ್ಭಪಾತದ ದಾವೆ. 1973ರ ರೋ ವಿರುದ್ಧ ವೇಡ್ ತೀರ್ಪು ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಸಾರಿದಂದಿನಿಂದ ಅದನ್ನು ಅಳಿಸಿಹಾಕುವುದೇ ಇಡೀ ಬಲಪಂಥದ ವ್ರತವಾಯಿತು. ಮತದಾರರ ಪಟ್ಟಿ, ಚರ್ಚಿನ ವೇದಿಕೆ, ನ್ಯಾಯಮೂರ್ತಿಗಳ ನೇಮಕ ಎಲ್ಲಕ್ಕೂ ಅದೇ ಗುರಿ. 49 ವರ್ಷದ ಆ ವ್ರತ 2022ರ ಜೂನ್ 24ರಂದು, ರೋ ತೀರ್ಪನ್ನು ಅಳಿಸಿದ ಡಾಬ್ಸ್ ತೀರ್ಪಿನಿಂದ ಫಲಿಸಿತು. ಗೆದ್ದವರಿಗೆ ಗೆಲುವಿನ ರುಚಿ ಹತ್ತಲಿಲ್ಲ. ಆರೇ ವಾರದೊಳಗೆ, ರಿಪಬ್ಲಿಕನ್ನರ ಭದ್ರಕೋಟೆ ಕಾನ್ಸಸ್‌ನ ಮತದಾರರೇ ರಾಜ್ಯ ಸಂವಿಧಾನದಿಂದ ಗರ್ಭಪಾತದ ಹಕ್ಕು ತೆಗೆಯುವ ತಿದ್ದುಪಡಿಯನ್ನು ದೊಡ್ಡ ಅಂತರದಲ್ಲಿ ತಿರಸ್ಕರಿಸಿದರು. ಮರುವರ್ಷ ಓಹಾಯೋ ಆ ಹಕ್ಕನ್ನು ತನ್ನ ಸಂವಿಧಾನಕ್ಕೇ ಬರೆದುಕೊಂಡಿತು. ಎಲ್ಲರನ್ನೂ ಕಟ್ಟಿಹಾಕಿದ್ದ ಹಗ್ಗ ಸಡಿಲವಾಯಿತು.

ಆಗ ಮೇಲೆದ್ದದ್ದು ಬದುವಿನ ಕಲ್ಲಿನ ಪ್ರಶ್ನೆ: ಅಮೆರಿಕ ಎಂದರೆ ಏನು? ಉಳಿಸಿಕೊಳ್ಳಲು ಹೊರಟಿರುವುದಾದರೂ ಯಾವುದನ್ನು?

ಒಬ್ಬ ಅಣ್ಣನ ಉತ್ತರ ಹಳೆಯದು. 1989ರ ಜನವರಿಯಲ್ಲಿ ಅಧಿಕಾರ ಬಿಡುವ ಹಿಂದಿನ ದಿನದ ಭಾಷಣದಲ್ಲಿ ರೇಗನ್ ಹೇಳಿದ್ದರು: ಫ್ರಾನ್ಸಿಗೆ ಹೋಗಿ ನೆಲೆಸಿದ ಮಾತ್ರಕ್ಕೆ ಯಾರೂ ಫ್ರೆಂಚರಾಗುವುದಿಲ್ಲ, ಆದರೆ ಜಗತ್ತಿನ ಯಾವ ಮೂಲೆಯವರೂ ಅಮೆರಿಕಕ್ಕೆ ಬಂದು ಅಮೆರಿಕನ್ನರಾಗಬಹುದು. ಈ ಲೆಕ್ಕದಲ್ಲಿ ಅಮೆರಿಕವೆಂದರೆ ಒಂದು ಒಪ್ಪಂದ. ಅದರ ಸಂವಿಧಾನ, ಅದರ ಸ್ವಾತಂತ್ರ್ಯದ ಕಲ್ಪನೆ, ಅದರ ದುಡಿಮೆಯ ನೇಮ ಒಪ್ಪಿದವನು ಮನೆಯವನು.

ತಮ್ಮನ ಉತ್ತರ ಬೇರೆ. 2024ರ ಜುಲೈಯಲ್ಲಿ ಮಿಲ್‌ವಾಕಿಯ ರಿಪಬ್ಲಿಕನ್ ಸಮಾವೇಶದಲ್ಲಿ ವ್ಯಾನ್ಸ್ ಪೂರ್ವ ಕೆಂಟಕಿಯ ಬೆಟ್ಟದ ಮೇಲಿರುವ ತಮ್ಮ ಕುಟುಂಬದ ಸ್ಮಶಾನದ ಮಾತೆತ್ತಿದರು. ಮದುವೆಯ ಪ್ರಸ್ತಾಪ ಮಾಡುವಾಗ ತಾವು ಉಷಾ ಅವರಿಗೆ ಕೊಡಬಹುದಾಗಿದ್ದದ್ದು ಕಾನೂನು ಓದಿನ ಸಾಲ ಮತ್ತು ಆ ಸ್ಮಶಾನದಲ್ಲೊಂದು ಜಾಗ ಎಂದರು. ತಲೆಮಾರುಗಳು ಮಲಗಿರುವ ಆ ಮಣ್ಣೇ ದೇಶ, ಜನ ಪ್ರಾಣ ಕೊಡುವುದು ಬರಿಯ ತತ್ತ್ವಕ್ಕಲ್ಲ, ಮನೆಗೆ ಎಂದರು.

ಈ ಎರಡನೆಯ ಮಾತನ್ನು ಜನಾಂಗದ್ವೇಷವೆಂದು ತಳ್ಳಿಹಾಕಿಬಿಡುವುದು ಸುಲಭ. ನಾನು ಹಾಗೆ ತಳ್ಳಲಾರೆ. ಬೆಂಗಳೂರಿನಲ್ಲಿ ಮೂರು ಮಹಡಿ ಕಟ್ಟಿಸಿಕೊಂಡವರೂ ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗದೆ ಬಿಡುವುದಿಲ್ಲ. ಊರಿನ ಅರ್ಧ ಎಕರೆ ಹೊಲ ಏನೂ ಬೆಳೆಯದಿದ್ದರೂ ಮಾರಲು ಕೈ ಬರುವುದಿಲ್ಲ, ಅಜ್ಜನ ಮಣ್ಣಾದದ್ದು ಅಲ್ಲೇ. ಸತ್ತವರು, ಇರುವವರು, ಇನ್ನು ಹುಟ್ಟಬೇಕಾದವರು ಈ ಮೂವರ ಪಾಲುದಾರಿಕೆಯೇ ಸಮಾಜ ಎಂದು 1790ರಲ್ಲಿ ಎಡ್ಮಂಡ್ ಬರ್ಕ್ ಬರೆದದ್ದು ನಮಗೆ ಹೊಸತೇನಲ್ಲ. ಕಾರ್ಖಾನೆ ಚೀನಾಕ್ಕೆ ಹೋಗಿ, ಊರಿನ ಮುಖ್ಯಬೀದಿಯ ಅಂಗಡಿಗಳು ಬಾಗಿಲೆಳೆದು, ಮಕ್ಕಳು ಮಾದಕ ಮಾತ್ರೆಗೆ ಬಲಿಯಾದ ಓಹಾಯೋದ ಪಟ್ಟಣದವನಿಗೆ ‘ಅಮೆರಿಕ ಒಂದು ಕಲ್ಪನೆ’ ಎಂದು ಹೇಳಿದರೆ ಅವನಿಗೆ ಸಿಟ್ಟು ಬರುವುದು ಸಹಜ. ಅವನ ಪಾಲಿಗೆ ಅದು ಊರು. ಆ ಊರು ಹಾಳು ಬೀಳುವಾಗ ಮಾರುಕಟ್ಟೆಯ ಮಂತ್ರ ಪಠಿಸುತ್ತ ಕೂತಿದ್ದವರಲ್ಲಿ ಅವನ ಪಕ್ಷದ ಹಿರಿಯರೂ ಇದ್ದರು. 1992ರಲ್ಲೇ ಪ್ಯಾಟ್ ಬುಕಾನನ್ ಪಕ್ಷದ ಹ್ಯೂಸ್ಟನ್ ಸಮಾವೇಶದಲ್ಲಿ ಸಂಸ್ಕೃತಿ ಸಮರದ ಕಹಳೆ ಊದಿದರು, ಅದೇ ಚುನಾವಣೆಯಲ್ಲಿ ಮುಕ್ತ ವ್ಯಾಪಾರವನ್ನೂ ವಲಸೆಯನ್ನೂ ಪ್ರಶ್ನಿಸಿದರು. ಆಗ ಹಿರಿಯರು ಮುಖ ತಿರುಗಿಸಿದರು. ಆ ಗಂಟನ್ನು 2015ರಲ್ಲಿ ಬಿಚ್ಚಿ ಬಜಾರಿನಲ್ಲಿ ಹರಡಿದವರು ಟ್ರಂಪ್.

ಈ ಜಗಳ ಬೆಂಗಳೂರಿಗೆ ನೇರವಾಗಿ ತಟ್ಟಿದ್ದು 2024ರ ಡಿಸೆಂಬರಿನಲ್ಲಿ. ಚೆನ್ನೈಯಲ್ಲಿ ಹುಟ್ಟಿದ ಶ್ರೀರಾಮ್ ಕೃಷ್ಣನ್ ಅವರನ್ನು ಟ್ರಂಪ್ ಕೃತಕ ಬುದ್ಧಿಮತ್ತೆಯ ಸಲಹೆಗಾರರನ್ನಾಗಿ ಹೆಸರಿಸಿದ್ದೇ ನೆಪವಾಯಿತು. ವಿದೇಶಿ ತಂತ್ರಜ್ಞರನ್ನು ಕರೆತರುವ ಎಚ್-1ಬಿ ವೀಸಾ ಬೇಕು ಎಂದರು ಇಲಾನ್ ಮಸ್ಕ್. ಅದು ಅಮೆರಿಕನ್ ಕೆಲಸಗಾರನ ಹೊಟ್ಟೆಯ ಮೇಲೆ ಹೊಡೆಯುವ ಮೋಸ ಎಂದರು ಟ್ರಂಪ್ ಅವರ ಹಳೆಯ ಸಲಹೆಗಾರ ಸ್ಟೀವ್ ಬ್ಯಾನನ್. ನಡುವೆ ಬಂದ ವಿವೇಕ್ ರಾಮಸ್ವಾಮಿ, ಗಣಿತದ ಒಲಿಂಪಿಯಾಡ್ ಗೆದ್ದವನಿಗಿಂತ ಶಾಲೆಯ ಪಾರ್ಟಿಯ ರಾಣಿಯನ್ನೇ ಮೆರೆಸುವ ಸಂಸ್ಕೃತಿ ಎಂಜಿನಿಯರುಗಳನ್ನು ಹೆರಲಾರದು ಎಂದು ಬರೆದು ಜೇನುಗೂಡಿಗೆ ಕಲ್ಲು ಹೊಡೆದರು. ಸಿನ್ಸಿನಾಟಿಯಲ್ಲೇ ಹುಟ್ಟಿ ಬೆಳೆದು, ಅಧ್ಯಕ್ಷ ಹುದ್ದೆಗೂ ಸ್ಪರ್ಧಿಸಿದ್ದ ಕಟ್ಟಾ ಬಲಪಂಥೀಯನಿಗೆ ತನ್ನದೇ ಪಾಳೆಯ ಕೇಳಿತು: ನಮ್ಮ ಸಂಸ್ಕೃತಿಯ ಬಗ್ಗೆ ಮಾತಾಡಲು ನೀನ್ಯಾರು?

ಟ್ರಂಪ್ ಆಗ ಎಚ್-1ಬಿ ಪರ ಮಾತಾಡಿದರು. ಒಂಬತ್ತು ತಿಂಗಳು ಕಳೆಯುವುದರೊಳಗೆ, 2025ರ ಸೆಪ್ಟೆಂಬರ್ 19ರಂದು, ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕದ ಘೋಷಣೆಗೆ ಸಹಿ ಹಾಕಿದರು. ಅಂದಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಈ ವೀಸಾ ಪಡೆಯುವ ಹತ್ತು ಮಂದಿಯಲ್ಲಿ ಏಳರಷ್ಟು ಭಾರತೀಯರು. ನವೆಂಬರಿನಲ್ಲಿ ಟ್ರಂಪ್ ಮತ್ತೆ, ಕೆಲವು ಪ್ರತಿಭೆಗಳು ನಮ್ಮಲ್ಲಿಲ್ಲ ಎಂದು ಟಿವಿ ಸಂದರ್ಶನದಲ್ಲಿ ಹೇಳಿ ತಮ್ಮವರನ್ನೇ ಸಿಟ್ಟಿಗೆಬ್ಬಿಸಿದರು. ಯಜಮಾನ ಬೆಳಗ್ಗೆ ಒಬ್ಬ ಮಗನಿಗೆ, ಸಂಜೆ ಇನ್ನೊಬ್ಬನಿಗೆ ತಲೆಯಾಡಿಸುವ ಮನೆಯಲ್ಲಿ ಪಾಲು ಬೇಗ ಆಗುತ್ತದೆ. ಆ ಶುಲ್ಕ ಬಂದ ದಾರಿಯನ್ನೂ ನೋಡಬೇಕು. ಸಂಸತ್ತಿನಲ್ಲಿ ಚರ್ಚೆಯಾಗದೆ ಒಂದು ಸಹಿಯಿಂದ ಬಂದದ್ದು ಅದು. ಸರ್ಕಾರದ ಕೈ ಚಿಕ್ಕದಿರಬೇಕು ಎಂದು ಮೂರು ತಲೆಮಾರು ಬೋಧಿಸಿದ ಮನೆಯವರು, ಕೈ ತಮ್ಮದಾದ ಮೇಲೆ ಅದು ಎಷ್ಟು ಉದ್ದವಿದ್ದರೂ ಪರವಾಗಿಲ್ಲ ಎಂದುಕೊಂಡಂತಿದೆ.

ಮಣ್ಣಿನ ವಾದಕ್ಕೆ ನನ್ನ ತಕರಾರು ಬೇರೊಂದು ಕಡೆಯಿಂದ. ತಲೆಮಾರುಗಳ ಎಣಿಕೆಯೇ ಹಕ್ಕಿನ ಅಳತೆಯಾದರೆ, ಅದನ್ನು ಪ್ರಾಮಾಣಿಕವಾಗಿ ಕೊನೆಯತನಕ ಎಣಿಸಬೇಕು. ಅಮೆರಿಕದ ಕಪ್ಪುಜನರ ಪೂರ್ವಿಕರು ಆ ಮಣ್ಣಿಗೆ ಬೆವರು ಸುರಿಸಿದ್ದು ಇಂದಿನ ಎಷ್ಟೋ ಇಟಾಲಿಯನ್, ಪೋಲಿಷ್ ಮನೆತನಗಳು ಹಡಗು ಹತ್ತುವುದಕ್ಕೆ ಬಹಳ ಮೊದಲು. ಆ ಯುವತಿ ಪ್ರಶ್ನೆ ಕೇಳಿದ ಅದೇ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಸೇರಲು ಹೋದಾಗ ಗಲಭೆಯೆದ್ದು ಇಬ್ಬರು ಸತ್ತರು, ಕೇಂದ್ರದ ಪಡೆ ಬರಬೇಕಾಯಿತು. ಮೆರೆಡಿತ್ ಹುಟ್ಟಿದ್ದು ಮಿಸಿಸಿಪ್ಪಿಯಲ್ಲೇ. ಅವತ್ತು ಮಣ್ಣು ಅವರ ನೆರವಿಗೆ ಬರಲಿಲ್ಲ. ಬಂದದ್ದು ಸಂವಿಧಾನ, ಅಂದರೆ ಕಾಗದದ ಮೇಲಿನ ಒಪ್ಪಂದ.

ಹಾಗಾದರೆ ಸಂಪ್ರದಾಯವಾದಕ್ಕೆ ಬೇರೆ ದಾರಿ ಇಲ್ಲವೇ? ಇದೆ, ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯಲ್ಲಿ ಕೆಲವು ತಂದೆತಾಯಂದಿರು ಅದನ್ನು ತೋರಿಸಿಯೂ ಇದ್ದಾರೆ. ಅಲ್ಲಿನ ಪ್ರಾಥಮಿಕ ಶಾಲೆಗಳು ಸಲಿಂಗ ಸಂಬಂಧ, ಲಿಂಗ ಗುರುತಿನ ಕಥೆಪುಸ್ತಕಗಳನ್ನು ಓದಿಸಲು ಶುರುಮಾಡಿದವು. ಮೊದಲು ಬೇಡವೆಂದವರ ಮಕ್ಕಳನ್ನು ಆ ಪಾಠದಿಂದ ಹೊರಗಿಡುವ ಅವಕಾಶವಿತ್ತು, 2023ರಲ್ಲಿ ಅದನ್ನು ತೆಗೆದರು. ಕೋರ್ಟಿಗೆ ಹೋದವರಲ್ಲಿ ಮುಸ್ಲಿಮರಿದ್ದರು, ಕ್ಯಾಥೊಲಿಕರಿದ್ದರು, ಉಕ್ರೇನಿನ ಆರ್ಥೊಡಾಕ್ಸ್ ಪಂಥದವರಿದ್ದರು. ಪುಸ್ತಕ ಸುಡಿ ಎಂದಾಗಲಿ, ಉಳಿದವರ ಮಕ್ಕಳೂ ಓದಬಾರದು ಎಂದಾಗಲಿ ಅವರು ಕೇಳಲಿಲ್ಲ. ನಮ್ಮ ಮಗುವಿಗೆ ಇದನ್ನು ಯಾವಾಗ, ಹೇಗೆ ಹೇಳಬೇಕೆಂಬುದು ನಮಗೆ ಬಿಡಿ ಎಂದರು, ಅಷ್ಟೇ. 2025ರ ಜೂನ್ 27ರಂದು ಸುಪ್ರೀಂ ಕೋರ್ಟು 6–3ರಲ್ಲಿ ಅವರ ಪರ ನಿಂತಿತು.

ಬೇರೆ ಮಕ್ಕಳನ್ನು ಆ ಪಾಠ ನೋಯಿಸದೆ ಇರಬಹುದು, ಅಂಥ ಕಥೆಯಲ್ಲಿ ತನ್ನ ಮನೆಯನ್ನೇ ಕಾಣುವ ಮಗುವಿಗೆ ಸಮಾಧಾನವೂ ಸಿಗಬಹುದು. ಸಹಪಾಠಿಗಳು ಎದ್ದು ಹೊರಹೋಗುವುದನ್ನು ನೋಡುವ ಆ ಮಗುವಿನ ಮುಖ ನನಗೂ ಕಾಣುತ್ತದೆ. ಆದರೂ ತಂದೆತಾಯಿಯ ಕೋರಿಕೆಯನ್ನೇ ದ್ವೇಷವೆಂದು ಕರೆದ ಪ್ರಗತಿಪರರ ಅಸಹನೆ ಬಲಪಂಥಕ್ಕೆ ಎಷ್ಟು ಮತ ತಂದಿತೆಂಬುದಕ್ಕೆ ಲೆಕ್ಕವಿಲ್ಲ. ಮುಸ್ಲಿಮರೇ ಬಹುಸಂಖ್ಯಾತರಾದ ಮಿಷಿಗನ್ನಿನ ಹ್ಯಾಮ್‌ಟ್ರಾಮಿಕ್ ಪಟ್ಟಣದ ಮೇಯರ್ 2024ರಲ್ಲಿ ಟ್ರಂಪ್ ಪರ ನಿಂತರು. ಟೆಕ್ಸಸ್ ಗಡಿಯಲ್ಲಿ ಹಿಸ್ಪಾನಿಕ್ ಜನರೇ ತುಂಬಿರುವ ಸ್ಟಾರ್ ಕೌಂಟಿ ನೂರು ವರ್ಷಕ್ಕೂ ಹೆಚ್ಚಿನ ರೂಢಿ ಮುರಿದು ರಿಪಬ್ಲಿಕನ್ನರಿಗೆ ಒಲಿಯಿತು. ಇವರಲ್ಲಿ ಯಾರಿಗೂ ಕೆಂಟಕಿಯ ಬೆಟ್ಟದ ಮೇಲೆ ಸ್ಮಶಾನವಿಲ್ಲ. ಅವರು ತಂದದ್ದು ಮನೆ, ಮಕ್ಕಳು, ದೇವರು, ದುಡಿಮೆ ಎಂಬ ಹಳೆಯ ರೂಢಿಗಳನ್ನು. ಸಂಪ್ರದಾಯ ಉಳಿಯಬೇಕು ಎನ್ನುವವರಿಗೆ ಇದಕ್ಕಿಂತ ದೊಡ್ಡ ಬಳುವಳಿ ಬೇಕೆ?

ಅಮೆರಿಕದ ಎಡಿಸನ್, ಪ್ಲೇನೋ, ಫ್ರೀಮಾಂಟ್ ಕಡೆಯ ನಮ್ಮ ಕನ್ನಡ ಮನೆಗಳೂ ಇದೇ ಸಾಲಿನವು. ಬೀದಿಯ ಇಪ್ಪತ್ತು ಮನೆಗಳಲ್ಲಿ ಅತಿ ಹೆಚ್ಚು ‘ಕನ್ಸರ್ವೇಟಿವ್’ ಮನೆ ಯಾವುದೆಂದು ಹುಡುಕಿದರೆ ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮನೆಯೇ ಸಿಕ್ಕೀತು. ಅಜ್ಜಿ ಆರು ತಿಂಗಳ ವೀಸಾದ ಮೇಲೆ ಬಂದು ಮೊಮ್ಮಗನಿಗೆ ಮಗ್ಗಿ ಬಾಯಿಪಾಠ ಮಾಡಿಸುವುದು, ಗಂಡ ಹೆಂಡತಿ ಸಾಲಕ್ಕೆ ಅಂಜಿ ದುಡ್ಡು ಕೂಡಿಡುವುದು, ಭಾನುವಾರ ತಪ್ಪದೆ ಕನ್ನಡ ಕಲಿಯಲು ಮಕ್ಕಳನ್ನು ಕಳಿಸುವುದು ಎಲ್ಲ ಅಲ್ಲೇ. ಆದರೂ ಭಾರತೀಯ ಮೂಲದವರಲ್ಲಿ ಬಹುಪಾಲು ಮಂದಿ ಇಂದಿಗೂ ಮತ ಹಾಕುವುದು ಡೆಮಾಕ್ರಟರಿಗೆ. ಬದುಕಿನ ರೀತಿ ಒಂದು ಪಕ್ಷಕ್ಕೆ ಹತ್ತಿರ, ಮತ ಇನ್ನೊಂದಕ್ಕೆ. ಇದೇಕೆ ಎಂದು ಬಲಪಂಥ ತನ್ನನ್ನೇ ಕೇಳಿಕೊಳ್ಳಬೇಕು. ಹೊಸ್ತಿಲಲ್ಲಿ ನಿಂತು ‘ಎಲ್ಲಿಯವರು ನೀವು’ ಎಂದು ಮೂರು ಸಲ ಕೇಳುವ ಮನೆಗೆ ನೆಂಟರು ಬರುವುದಿಲ್ಲ.

ಹೊಸ್ತಿಲ ಮಾತು ಬಂತು, ಅದನ್ನು ಕಾಯಬೇಕಾದವರ ಮಾತೂ ಬರಬೇಕು. 1960ರ ದಶಕದಲ್ಲಿ, ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಅವರೇ ಕಮ್ಯುನಿಸ್ಟರ ಏಜೆಂಟ್ ಎನ್ನುತ್ತಿದ್ದ ಜಾನ್ ಬರ್ಚ್ ಸೊಸೈಟಿ ಎಂಬ ಉಗ್ರ ಬಲಪಂಥೀಯ ಸಂಘಟನೆಯ ನಾಯಕನನ್ನು ಬಕ್ಲಿ ತಮ್ಮ ಪತ್ರಿಕೆಯಲ್ಲೇ ಖಂಡಿಸಿದರು, ಓದುಗರು ಕಡಿಮೆಯಾದಾರೆಂದು ಹೆದರಲಿಲ್ಲ. ಇಂದು ಆ ಕಾವಲು ತೆರವಾಗಿದೆ. 2025ರ ಅಕ್ಟೋಬರಿನಲ್ಲಿ ಬಲಪಂಥದ ಜನಪ್ರಿಯ ನಿರೂಪಕ ಟಕರ್ ಕಾರ್ಲ್‌ಸನ್, ಯಹೂದಿದ್ವೇಷವನ್ನೇ ಬಂಡವಾಳ ಮಾಡಿಕೊಂಡ ನಿಕ್ ಫುಯೆಂಟೆಸ್‌ನನ್ನು ಕೂರಿಸಿಕೊಂಡು ಆರಾಮವಾಗಿ ಹರಟಿದರು. 1973ರಲ್ಲಿ ಹುಟ್ಟಿ ರೇಗನ್ ಆಡಳಿತಕ್ಕೆ ನೀತಿಪಾಠ ಬರೆದುಕೊಟ್ಟ ಹೆರಿಟೇಜ್ ಫೌಂಡೇಶನ್ನಿನ ಅಧ್ಯಕ್ಷರು ಕಾರ್ಲ್‌ಸನ್ ಬೆನ್ನಿಗೆ ನಿಂತು, ಆಮೇಲೆ ವಿಷಾದಿಸಿದರು. ಅಷ್ಟರಲ್ಲಿ ಸಂಸ್ಥೆ ಒಳಗಿಂದಲೇ ಬಿರುಕು ಬಿಟ್ಟಿತ್ತು. ಹಿರಿಯ ಚಿಂತಕ ರಾಬರ್ಟ್ ಜಾರ್ಜ್ ಅದರ ಮಂಡಳಿ ತೊರೆದರು. ಇದು ಮತದ ಲೆಕ್ಕ ಮೀರಿದ ಸಂಗತಿ. ಎಲ್ಲ ಸಂಪ್ರದಾಯಕ್ಕೂ ಮೊದಲು ಬೇಕಾದದ್ದು ‘ಇದು ಬೇಡ’ ಎಂದು ತನ್ನವರಿಗೇ ಹೇಳಬಲ್ಲ ಹಿರಿತನ.

ಮುಂದಿನ ಚುನಾವಣೆಗಳಲ್ಲಿ ಯಾರು ಗೆಲ್ಲುತ್ತಾರೋ ನೋಡೋಣ. ಗೆದ್ದವರು ಯಾರೇ ಇರಲಿ, ಮನೆ ಇಬ್ಭಾಗವಾಗುವುದನ್ನು ತಡೆಯುವುದು ಕಷ್ಟ. ಒಬ್ಬರಿಗೆ ಮಣ್ಣು, ಒಬ್ಬರಿಗೆ ಒಪ್ಪಂದ ಎಂದು ಹಂಚಿಕೊಳ್ಳಲು ಹೊರಟರೆ ಇಬ್ಬರಿಗೂ ದಕ್ಕುವುದು ಅರ್ಧ ಮನೆ. ಒಂದಕ್ಕೆ ಬಾಗಿಲಿರುವುದಿಲ್ಲ, ಇನ್ನೊಂದಕ್ಕೆ ಗೋಡೆ.

ನಮ್ಮ ಕಡೆ ಪಾಲುಪಟ್ಟಿ ಬರೆಸುವಾಗ ಪಂಚರು ಹೊಲ, ಮನೆ, ದನಕರುಗಳ ಪಟ್ಟಿಗೆ ಕೈಹಾಕುವ ಮುಂಚೆ ಒಂದು ಮಾತು ಕೇಳುತ್ತಾರೆ: ಅಪ್ಪ ಮಾಡಿದ ಸಾಲ ಯಾರ ಪಾಲಿಗೆ? ಮಿಸಿಸಿಪ್ಪಿಯ ಆ ಸಭೆಯಲ್ಲಿ ಮೈಕು ಹಿಡಿದು ನಿಂತ ಯುವತಿ ಕೇಳಿದ್ದೂ ಅದನ್ನೇ.