ಆ ಪಟ್ಟಿಯಲ್ಲಿ ಮೋಸೆಸ್ ಎಲ್ಲಿ?

ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಅನ್ನೋ ಜಗಳ ನಮ್ಮ ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿಯೂ ನಿಲ್ಲೋದಿಲ್ಲ. ಜೋರ್ಡಾನ್ ಪಾರ್ಟಿ, ಲೆಬ್ರಾನ್ ಪಾರ್ಟಿ, ಮಧ್ಯೆ ಒಬ್ಬ ಕೋಬಿ ಭಕ್ತ. ಟಾಪ್ ಟೆನ್ ಬರೆಯೋಕೆ ಕೂತರೆ ಕರೀಂ, ಮ್ಯಾಜಿಕ್, ಬರ್ಡ್, ರಸೆಲ್, ವಿಲ್ಟ್, ಡಂಕನ್, ಶಾಕ್ ಅಂತ ಪಟ್ಟಿ ತಾನಾಗಿಯೇ ತುಂಬಿಹೋಗುತ್ತೆ. ಆ ಪಟ್ಟಿಗೆ ಒಂದು ಹೆಸರು ಬರೋದೇ ಇಲ್ಲ. ಯಾರಾದರೂ ಮಲೋನ್ ಅಂದರೂ "ಕಾರ್ಲ್ ಮಲೋನ್ ತಾನೇ?" ಅಂತ ಕೇಳ್ತಾರೆ. ಅಲ್ಲ. ನಾವು ಹೇಳ್ತಿರೋದು ಮೋಸೆಸ್ ಮಲೋನ್ ಬಗ್ಗೆ. (ಏಕವಚನದಲ್ಲೇ ಬರೀತೀವಿ. ಅಭಿಮಾನಿಗಳು ಆಟಗಾರರನ್ನು ಕರೆಯೋದೇ ಹಾಗೆ. ರಿಬೌಂಡ್, ಪ್ಲೇಆಫ್ ಇವಕ್ಕೆಲ್ಲ ಕನ್ನಡ ಪದ ಹುಟ್ಟಿಸೋ ಸಾಹಸಕ್ಕೂ ಹೋಗಿಲ್ಲ.)

ಮೊದಲು ಒಂದು ಲೆಕ್ಕ. ಎನ್‌ಬಿಎ ಇತಿಹಾಸದಲ್ಲಿ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಗೆದ್ದವರು ಮೊನ್ನೆಮೊನ್ನೆಯ ಜೋಕಿಚ್‌ನನ್ನು ಸೇರಿಸಿದರೂ ಒಂಬತ್ತೇ ಜನ. ಕರೀಂ, ರಸೆಲ್, ಜೋರ್ಡಾನ್, ವಿಲ್ಟ್, ಲೆಬ್ರಾನ್, ಬರ್ಡ್, ಮ್ಯಾಜಿಕ್, ಜೋಕಿಚ್ ಮತ್ತು ಮೋಸೆಸ್. 1979, 1982, 1983ರಲ್ಲಿ ಅದು ಮೋಸೆಸ್ ಪಾಲಾಯಿತು. ಐದು ಸೀಸನ್‌ಗಳಲ್ಲಿ ಮೂರು, ಅದೂ ಕರೀಂ, ಎರ್ವಿಂಗ್ ಆಡ್ತಾ ಇದ್ದ, ಮೊದಲನೆಯದರ ಆಮೇಲೆ ಬರ್ಡ್, ಮ್ಯಾಜಿಕ್ ಕೂಡ ಬಂದು ಸೇರಿದ ಕಾಲದಲ್ಲಿ. ಹಾಗಿದ್ದೂ ಉಳಿದವರ ಹೆಸರು ಬಾಸ್ಕೆಟ್‌ಬಾಲ್ ನೋಡದವರಿಗೂ ಗೊತ್ತು. ಇವನನ್ನು ಮಾತ್ರ ನೋಡುವವರಿಗೂ ಪರಿಚಯ ಮಾಡಿಕೊಡಬೇಕು.

ಮೋಸೆಸ್ ಹುಟ್ಟಿದ್ದು 1955ರಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಪೀಟರ್ಸ್‌ಬರ್ಗ್ ಅನ್ನೋ ಊರಲ್ಲಿ. ಬಡ ಮನೆ, ಸಾಕಿದ್ದು ತಾಯಿ ಮೇರಿ ಒಬ್ಬರೇ. ಅವನಿದ್ದ ಹೈಸ್ಕೂಲ್ ತಂಡ ಸತತ 50 ಪಂದ್ಯ ಗೆದ್ದಿತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಸೇರ್ತೀನಿ ಅಂತ ಸಹಿ ಕೂಡ ಹಾಕಿದ್ದ. ಅಷ್ಟರಲ್ಲಿ ಎನ್‌ಬಿಎಗೆ ಎದುರಾಳಿಯಾಗಿ ನಡೀತಿದ್ದ ಎಬಿಎ ಲೀಗ್‌ನ ಯೂಟಾ ಸ್ಟಾರ್ಸ್ ತಂಡ ಕರೆಯಿತು. 1974ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಕಾಲೇಜಿನ ಮೆಟ್ಟಿಲು ಹತ್ತದೆ ನೇರ ವೃತ್ತಿಪರ ಆಟಕ್ಕೆ ಇಳಿದ. ಗಾರ್ನೆಟ್, ಕೋಬಿ, ಲೆಬ್ರಾನ್ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹಾರಿದ್ದು ಎರಡು ದಶಕ ಆದಮೇಲೆ. ನಾವೆಲ್ಲ ಆ ವಯಸ್ಸಲ್ಲಿ ಎಂ-3 ಪಾಸಾಗುತ್ತೋ ಇಲ್ವೋ ಅಂತ ತಲೆ ಕೆಡಿಸಿಕೊಂಡಿದ್ದೀವಿ. ಇವನು ಮೊದಲ ಸೀಸನ್‌ನಲ್ಲೇ ಪಂದ್ಯಕ್ಕೆ ಸರಾಸರಿ 18.8 ಅಂಕ, 14.6 ರಿಬೌಂಡ್ ತೆಗೆದ.

ಆದರೂ ಯಾರೂ ಅವನನ್ನು ಉಳಿಸಿಕೊಳ್ಳಲಿಲ್ಲ. ಯೂಟಾ ತಂಡ ಮುಚ್ಚಿಹೋಯಿತು, ಸೇಂಟ್ ಲೂಯಿಸ್‌ಗೆ ಹೋದ. 1976ರಲ್ಲಿ ಎಬಿಎ ಲೀಗೇ ಎನ್‌ಬಿಎಯಲ್ಲಿ ವಿಲೀನವಾದಾಗ ಪೋರ್ಟ್‌ಲ್ಯಾಂಡ್ ತಂಡ ಅವನನ್ನು ಆರಿಸಿಕೊಂಡು, ಸೀಸನ್ ಶುರುವಾಗುವ ಹೊತ್ತಿಗೆ ಬಫಲೋಗೆ ದಾಟಿಸಿತು. ಬಫಲೋ ಎರಡೇ ಎರಡು ಪಂದ್ಯ ಆಡಿಸಿ ಹೂಸ್ಟನ್‌ಗೆ ಕೊಟ್ಟುಬಿಡ್ತು. ಅಲ್ಲಿ, ಹೂಸ್ಟನ್ ರಾಕೆಟ್ಸ್‌ನಲ್ಲಿ, ಅವನು ಏನು ಅನ್ನೋದು ಜನಕ್ಕೆ ಗೊತ್ತಾಯ್ತು.

ಇಲ್ಲಿ ಸ್ವಲ್ಪ ಆಟದ ವಿಷಯ ಹೇಳಬೇಕು. ಯಾರೋ ಹೊಡೆದ ಚೆಂಡು ರಿಮ್‌ಗೆ ಬಡಿದು ವಾಪಸ್ ಬಂದಾಗ ಅದನ್ನು ಹಿಡಿಯೋದು ರಿಬೌಂಡ್. ಎದುರಾಳಿ ತಪ್ಪಿಸಿದ ಚೆಂಡನ್ನು ಹಿಡಿದರೆ ಅದು ಡಿಫೆನ್ಸಿವ್. ಇದು ಸ್ವಲ್ಪ ಸುಲಭ, ಯಾಕಂದ್ರೆ ಬುಟ್ಟಿಗೂ ಎದುರಾಳಿಗೂ ಮಧ್ಯೆ ನೀವು ಮೊದಲೇ ನಿಂತಿರ್ತೀರಿ. ನಿಮ್ಮದೇ ತಂಡ ತಪ್ಪಿಸಿದ ಚೆಂಡನ್ನು ಹಿಡಿದರೆ ಅದು ಅಫೆನ್ಸಿವ್ ರಿಬೌಂಡ್. ಇದು ಕಷ್ಟ. ಒಳ್ಳೆ ಜಾಗ ಎದುರಾಳಿ ಕೈಯಲ್ಲಿರುತ್ತೆ, ಅವನ ಬೆನ್ನು ದಾಟಿ ನೀವು ನುಗ್ಗಬೇಕು. ಸಿಕ್ಕರೆ ಮಾತ್ರ ಮುಗಿದೇಹೋಯಿತು ಅಂದುಕೊಂಡ ದಾಳಿ ಇನ್ನೊಮ್ಮೆ ಶುರುವಾಗುತ್ತೆ.

1978–79ರ ಸೀಸನ್‌ನಲ್ಲಿ ಮೋಸೆಸ್ 82 ಪಂದ್ಯಗಳಲ್ಲಿ 587 ಅಫೆನ್ಸಿವ್ ರಿಬೌಂಡ್ ತೆಗೆದ. ಪಂದ್ಯಕ್ಕೆ ಏಳಕ್ಕಿಂತ ಜಾಸ್ತಿ. ಆ ದಾಖಲೆ ಇನ್ನೂ ಹಾಗೇ ಇದೆ. ಈಗ ಐದರ ಆಸುಪಾಸು ಬಂದರೆ ಇಡೀ ಲೀಗ್‌ಗೆ ಮೊದಲಿಗ. ನ್ಯಾಯವಾಗಿ ಹೇಳಬೇಕಂದ್ರೆ ಆಗ ಆಟದ ವೇಗ ಹೆಚ್ಚಿತ್ತು, ಮೂರು ಅಂಕದ ಗೆರೆ ಎನ್‌ಬಿಎಗೆ ಇನ್ನೂ ಬಂದಿರಲಿಲ್ಲ, ಈಗಿನ ಕೋಚ್‌ಗಳು ಶಾಟ್ ಹೊಡೆದ ತಕ್ಷಣ ಆಟಗಾರರನ್ನು ರಕ್ಷಣೆಗೆ ಹಿಂದೆ ಓಡಿಸ್ತಾರೆ. ಒಪ್ಪೋಣ. ಆದರೆ ಅದೇ ಕಾಲದಲ್ಲಿ ಅದೇ ಆಟ ಆಡಿದ ಉಳಿದವರ ಪಕ್ಕ ಇಟ್ಟು ನೋಡಿ. ಎನ್‌ಬಿಎಯಲ್ಲಿ ಮೋಸೆಸ್‌ನ ಒಟ್ಟು ಅಫೆನ್ಸಿವ್ ರಿಬೌಂಡ್ 6,731, ಪಂದ್ಯಗಳು 1,329. ಎರಡನೇ ಸ್ಥಾನದ ರಾಬರ್ಟ್ ಪ್ಯಾರಿಷ್ 1,611 ಪಂದ್ಯ ಆಡಿ ತೆಗೆದದ್ದು 4,598. ಮೊದಲಿಗೂ ಎರಡನೆಯವನಿಗೂ ಇಷ್ಟು ಅಂತರ ಇರೋ ದಾಖಲೆ ಯಾವ ಆಟದಲ್ಲಾದರೂ ಅಪರೂಪವೇ. (1973–74ಕ್ಕಿಂತ ಮೊದಲು ಎನ್‌ಬಿಎ ಇದನ್ನು ಬೇರೆಯಾಗಿ ಎಣಿಸುತ್ತಲೇ ಇರಲಿಲ್ಲ. ಹಾಗಾಗಿ ರಸೆಲ್, ವಿಲ್ಟ್ ಜೊತೆ ಹೋಲಿಸೋಕೆ ಆಗಲ್ಲ.)

ಇದನ್ನೆಲ್ಲ ಅವನು ದೈತ್ಯ ದೇಹದಿಂದ ಮಾಡಿದ್ದಲ್ಲ. ಎತ್ತರ 6 ಅಡಿ 10 ಇಂಚು, ಕರೀಂಗಿಂತ ನಾಲ್ಕು ಇಂಚು ಕಮ್ಮಿ. ಕೈಗಳು ಆ ಎತ್ತರಕ್ಕೆ ಚಿಕ್ಕವು. ಅವನ ಉಪಾಯ ಏನಪ್ಪಾ ಅಂದರೆ ಬೇಸ್‌ಲೈನ್. ಬೋರ್ಡ್‌ನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ನಿಂತಿರ್ತಿದ್ದ. ಚೆಂಡು ಗಾಳಿಯಲ್ಲಿ ಇರುವಾಗಲೇ ಅಲ್ಲಿಂದ ಒಳಗೆ ನುಗ್ಗಿ, ಸೊಂಟದಿಂದ ಎದುರಾಳಿಯನ್ನು ಒಂದೆರಡು ಇಂಚು ಸರಿಸಿ, ಜಾಗ ಮಾಡಿಕೊಳ್ತಿದ್ದ. ಮೊದಲ ನೆಗೆತದಲ್ಲಿ ಸಿಗಲಿಲ್ಲ ಅಂದರೆ ಎರಡನೇದು, ಮೂರನೇದು. ಇಷ್ಟು ಗುದ್ದಾಟ ಮಾಡಿಯೂ 1978ರ ಜನವರಿಯಿಂದ ನಿವೃತ್ತಿವರೆಗೆ, ಸತತ 1,212 ಪಂದ್ಯಗಳಲ್ಲಿ, ಒಂದೇ ಒಂದು ಸಲವೂ ಆರು ಫೌಲ್ ಆಗಿ ಹೊರಗೆ ಹೋಗಲಿಲ್ಲ. ನಮ್ಮ ಕಣ್ಣಿಗೆ 587ಕ್ಕಿಂತ ದೊಡ್ಡ ಸಂಖ್ಯೆ ಇದೇ. ಬರೀ ತಾಕತ್ತಿನವನಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಎಲ್ಲಿ ಎಷ್ಟು ತಳ್ಳಬಹುದು ಅನ್ನೋ ಲೆಕ್ಕ ತಲೆಯಲ್ಲಿ ಇರಬೇಕು.

1981ರಲ್ಲಿ ಹೂಸ್ಟನ್ 40 ಗೆಲುವು, 42 ಸೋಲಿನೊಂದಿಗೆ ಪ್ಲೇಆಫ್‌ಗೆ ಬಂತು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅಂಥ ತಂಡ ಮೊದಲ ಸುತ್ತಿನಲ್ಲೇ ಕರೀಂ, ಮ್ಯಾಜಿಕ್ ಇದ್ದ ಹಾಲಿ ಚಾಂಪಿಯನ್ ಲೇಕರ್ಸ್ ಅನ್ನು ಮನೆಗೆ ಕಳಿಸಿ ಫೈನಲ್‌ವರೆಗೆ ಹೋಯಿತು. ಬರ್ಡ್‌ನ ಬಾಸ್ಟನ್ ಎದುರು 4–2ರಿಂದ ಸೋತಿತು ನಿಜ. ಆದರೆ ಆ ಫೈನಲ್‌ನ ಕೆಲವು ಪಂದ್ಯಗಳನ್ನು ಅಮೆರಿಕದ ಟಿವಿಯಲ್ಲಿ ಲೈವ್ ಕೂಡ ತೋರಿಸಲಿಲ್ಲ, ರೆಕಾರ್ಡ್ ಮಾಡಿ ತಡರಾತ್ರಿ ಹಾಕಿದರು. ಅವನ ದೊಡ್ಡ ಸಾಹಸ ನಡೆದಾಗ ಅರ್ಧ ದೇಶ ಮಲಗಿತ್ತು.

ಒಬ್ಬ ಆಟಗಾರನ ಬೆಲೆ ಅಳೆಯೋದು ಹೇಗೆ? ಸರ್ಕ್ಯೂಟ್‌ನಿಂದ ಒಂದು ಕಾಂಪೊನೆಂಟ್ ತೆಗೆದು ಇನ್ನೊಂದು ಸರ್ಕ್ಯೂಟ್‌ಗೆ ಹಾಕಿ ಎರಡೂ ಕಡೆ ಔಟ್‌ಪುಟ್ ನೋಡೋದು. ಮೋಸೆಸ್ ವಿಷಯದಲ್ಲಿ ಆ ಪ್ರಯೋಗ ನಿಜಕ್ಕೂ ನಡೆದಿದೆ. 1981–82ರಲ್ಲಿ ಅವನು ಪಂದ್ಯಕ್ಕೆ 31.1 ಅಂಕ ಗಳಿಸಿದ, ಹೂಸ್ಟನ್ 46 ಪಂದ್ಯ ಗೆದ್ದಿತು. ಮುಂದಿನ ಸೀಸನ್‌ಗೆ ಅವನು ಫಿಲಡೆಲ್ಫಿಯಾಗೆ ಹೋದ. ಹೂಸ್ಟನ್ ಗೆದ್ದದ್ದು 14, ಸೋತದ್ದು 68, ಲೀಗ್‌ನಲ್ಲೇ ಕೊನೆ. ಬೇರೆ ಕಾರಣಗಳೂ ಇದ್ದವು ಬಿಡಿ, ಇನ್ನೂ ಕೆಲವರು ಆ ವರ್ಷ ತಂಡದಲ್ಲಿ ಇರಲಿಲ್ಲ. ಆದರೆ ಫಿಲಡೆಲ್ಫಿಯಾ ಕಡೆ ನೋಡಿ. 1977, 1980, 1982, ಮೂರು ಸಲ ಫೈನಲ್‌ಗೆ ಬಂದು ಸೋತಿದ್ದ ತಂಡ ಅದು. ಮೋಸೆಸ್ ಬಂದ ವರ್ಷ 65 ಗೆದ್ದು 17 ಮಾತ್ರ ಸೋತಿತು.

ಪ್ಲೇಆಫ್ ಹೇಗಿರುತ್ತೆ ಅಂತ ಪತ್ರಕರ್ತರು ಕೇಳಿದಾಗ ಅವನು ಕೊಟ್ಟ ಉತ್ತರ "ಫೋ, ಫೋ, ಫೋ". ಫೋರ್, ಫೋರ್, ಫೋರ್ ಅಂತ, ಅವನ ಊರಿನ ಉಚ್ಚಾರಣೆಯಲ್ಲಿ. ಮೂರು ಸುತ್ತು, ಪ್ರತಿ ಸುತ್ತಲ್ಲೂ ನಾಲ್ಕೇ ಪಂದ್ಯದಲ್ಲಿ ಮುಗಿಸ್ತೀವಿ ಅನ್ನೋದು ಅರ್ಥ. ಮಿಲ್ವಾಕಿ ಒಂದು ಪಂದ್ಯ ಕಿತ್ತುಕೊಂಡಿತು, ಉಳಿದಂತೆ ಹೇಳಿದ ಹಾಗೇ ಆಯಿತು. ಚಾಂಪಿಯನ್ ಉಂಗುರದ ಮೇಲೆ "ಫೋ, ಫೈವ್, ಫೋ" ಅಂತ ಕೆತ್ತಿಸಿದರು. ಫೈನಲ್‌ನಲ್ಲಿ ಲೇಕರ್ಸ್ ವಿರುದ್ಧ 4–0. ಆ ಸರಣಿಯಲ್ಲಿ ಮೋಸೆಸ್‌ನ ರಿಬೌಂಡ್ 72, ಕರೀಂನದು 30.

ಇವತ್ತು ಮೋಸೆಸ್ ಅಂದರೆ ಜನಕ್ಕೆ ನೆನಪಿರೋದು ಆ ಮೂರು ಪದ ಮಾತ್ರ, ಅದೂ ಒಂದು ತಮಾಷೆಯಾಗಿ. ಅವನು ಕಮ್ಮಿ ಮಾತಾಡ್ತಿದ್ದ, ಗೊಣಗಿದ ಹಾಗೆ, ದಕ್ಷಿಣದ ದಟ್ಟ ಉಚ್ಚಾರಣೆಯಲ್ಲಿ. ಕಾಲೇಜು ಓದಿಲ್ಲ. ಕೆಲವು ವರದಿಗಾರರು ಅವನ ಬುದ್ಧಿಯನ್ನು ಅವನ ಇಂಗ್ಲಿಷ್‌ನಿಂದ ಅಳೆದರು. ಇದು ನಮಗೆ ಅಪರಿಚಿತ ವಿಷಯ ಏನಲ್ಲ, ಅಲ್ವಾ? ನಮ್ಮಲ್ಲಿ ಬಹಳಷ್ಟು ಜನ ಇಂಗ್ಲಿಷ್ ಮೀಡಿಯಂನಿಂದ ಬಂದವರು. ವೈವಾದಲ್ಲಿ ಅರ್ಧ ಗೊತ್ತಿದ್ದರೂ ಪೂರ್ತಿ ಗೊತ್ತಿರೋ ಥರ ಮಾತಾಡಿ ದಾಟಿಬಿಡ್ತೀವಿ. ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಕೂರಿಸಿ ಕೆಲಸ ಮಾಡಿಸಿದ ಕನ್ನಡ ಮೀಡಿಯಂ ಗೆಳೆಯ ಅದೇ ವೈವಾದಲ್ಲಿ ತಡವರಿಸ್ತಾನೆ. ಯಾರಿಗೆ ಎಷ್ಟು ಮಾರ್ಕ್ಸ್ ಬರುತ್ತೆ ಅಂತ ನಮಗೆಲ್ಲ ಗೊತ್ತು. ಆಟದ ಚರಿತ್ರೆ ಬರೆಯೋರೂ ಅದೇ ಥರ ಮಾರ್ಕ್ಸ್ ಹಾಕಿದರು ಅಂತ ನಮಗೆ ಅನ್ಸುತ್ತೆ. ಬೇಸ್‌ಲೈನ್‌ನಿಂದ ಬರುವ ಉಪಾಯವನ್ನು ಒಬ್ಬ ಮಾತುಗಾರ ಟಿವಿಯಲ್ಲಿ ವಿವರಿಸಿದ್ದರೆ "ಜೀನಿಯಸ್" ಅಂತಿದ್ರು. ಮೋಸೆಸ್‌ಗೆ ಸಿಕ್ಕಿದ್ದು "ಕಷ್ಟಪಟ್ಟು ದುಡಿಯೋನು" ಅನ್ನೋ ಬಿರುದು.

ಅವನ ವಿರುದ್ಧ ಹೇಳೋಕೂ ಇದೆ. ಪಾಸ್ ಕೊಡೋದರಲ್ಲಿ ಅಷ್ಟಕ್ಕಷ್ಟೇ, ಪಂದ್ಯಕ್ಕೆ ಸರಾಸರಿ ಎರಡು ಅಸಿಸ್ಟ್ ಕೂಡ ಇಲ್ಲ. ರಕ್ಷಣೆಯಲ್ಲಿ ರಸೆಲ್ ಅಲ್ಲ. ಗೆದ್ದದ್ದು ಒಂದೇ ಚಾಂಪಿಯನ್‌ಶಿಪ್. ಅವನೇ ತಪ್ಪಿಸಿದ ಶಾಟ್‌ಗಳನ್ನು ಅವನೇ ಹಿಡಿದು ಸಂಖ್ಯೆ ಬೆಳೆಸಿಕೊಂಡ ಅನ್ನೋರೂ ಇದ್ದಾರೆ. ಕೊನೆಯ ವಾದ ನಮಗೆ ಅರ್ಥವೇ ಆಗಲ್ಲ. ತಪ್ಪಿದ ಮೇಲೂ ಚೆಂಡು ತನ್ನ ತಂಡದ ಕೈಯಲ್ಲೇ ಉಳಿದರೆ ಅದರಲ್ಲಿ ದೋಷ ಏನು? ಉಳಿದವನ್ನು ಒಪ್ಪಿಕೊಂಡರೂ ಅವನು ಮೊದಲ ಹನ್ನೆರಡರೊಳಗೆ ಇರಬೇಕು ಅನ್ನೋದು ನಮ್ಮ ಹಠ.

ಫಿಲಡೆಲ್ಫಿಯಾ 1986ರಲ್ಲಿ ಅವನನ್ನು ವಾಷಿಂಗ್ಟನ್‌ಗೆ ಕೊಟ್ಟುಬಿಟ್ಟಿತು. ಆಮೇಲೆ ಅಟ್ಲಾಂಟಾ, ಮಿಲ್ವಾಕಿ, ಸ್ಯಾನ್ ಆಂಟೋನಿಯೊ. ಒಟ್ಟು ಒಂಬತ್ತು ತಂಡ. ಹಾಗಾಗಿ "ನಮ್ಮವನು" ಅಂತ ಜೋರಾಗಿ ಹೇಳೋ ಊರೇ ಇಲ್ಲ. ಅವನ 2ನೇ ನಂಬರ್ ಜರ್ಸಿಯನ್ನು ಫಿಲಡೆಲ್ಫಿಯಾ ಗೌರವವಾಗಿ ಮೇಲೆ ಕಟ್ಟಿದ್ದು 2019ರಲ್ಲಿ. ಮೋಸೆಸ್ 2015ರ ಸೆಪ್ಟೆಂಬರ್‌ನಲ್ಲೇ, ಅರವತ್ತನೇ ವಯಸ್ಸಲ್ಲಿ, ತೀರಿಕೊಂಡಿದ್ದ.

ಆದರೆ ಅವನ ಆಟ ಬೇರೆಯವರ ಮೈಯಲ್ಲಿ ಮುಂದುವರಿಯಿತು. ನೈಜೀರಿಯಾದಿಂದ ಹೂಸ್ಟನ್‌ಗೆ ಓದೋಕೆ ಬಂದ ಹಕೀಂ ಒಲಜುವಾನ್ ಬೇಸಿಗೆಯಲ್ಲಿ ಫಾಂಡಿ ಅನ್ನೋ ಸಾರ್ವಜನಿಕ ಜಿಮ್‌ನಲ್ಲಿ ಮೋಸೆಸ್ ಕೈಲಿ ತಳ್ಳಿಸಿಕೊಂಡು ಕಲಿತ. ಫಿಲಡೆಲ್ಫಿಯಾಗೆ ದಪ್ಪಗೆ ಬಂದ ಬಾರ್ಕ್ಲಿಗೆ ಮೈ ಇಳಿಸು ಅಂತ ಮುಖಕ್ಕೇ ಹೇಳಿ, ಜೊತೆಗೆ ನಿಂತು ಇಳಿಸಿದವನೂ ಇವನೇ. ಇಬ್ಬರೂ ಅದನ್ನು ಬಹಿರಂಗವಾಗಿ ನೆನೆದಿದ್ದಾರೆ. ಹಕೀಂನನ್ನು ಟಾಪ್ ಟೆನ್‌ನಲ್ಲಿ ಇಡೋರು ಅವನ ಮೇಷ್ಟ್ರನ್ನೂ ಒಮ್ಮೆ ನೋಡಬೇಕು.

ಹೈಲೈಟ್ಸ್ ನೋಡಿದರೆ ಮೋಸೆಸ್ ಸಿಗೋದಿಲ್ಲ. 1983ರ ಫೈನಲ್‌ನ ನಾಲ್ಕನೇ ಪಂದ್ಯ ಪೂರ್ತಿ ಸಿಕ್ಕರೆ ನೋಡಿ. ಅರ್ಧ ಆಟಕ್ಕೆ ಫಿಲಡೆಲ್ಫಿಯಾ 14 ಅಂಕ ಹಿಂದಿರುತ್ತೆ, ಕೊನೆಗೆ 115–108ರಿಂದ ಗೆಲ್ಲುತ್ತೆ. ಕೊನೆಯ ನಿಮಿಷಗಳಲ್ಲಿ ಎರ್ವಿಂಗ್ ಹೊಡೆದ ಬುಟ್ಟಿಗಳೇ ಎಲ್ಲ ರೀಲ್‌ಗಳಲ್ಲೂ ಇರೋದು, ಅವು ಚೆಂದವೇ. ಆದರೆ ಆ ಪಂದ್ಯದಲ್ಲಿ ಮೋಸೆಸ್ 24 ಅಂಕದ ಜೊತೆ 23 ರಿಬೌಂಡ್ ತೆಗೆದಿದ್ದಾನೆ. ಚೆಂಡು ಯಾರ ಕೈಯಲ್ಲಿದೆ ಅಂತ ನೋಡಬೇಡಿ, ಬೇಸ್‌ಲೈನ್ ಹತ್ತಿರ 2ನೇ ನಂಬರ್‌ನವನು ಎಲ್ಲಿದ್ದಾನೆ ಅಂತ ನೋಡ್ತಾ ಇರಿ.