ಸೈಕಲ್ಲಿಗೂ ಒಂದು ದಾರಿ ಬಿಡಿ

ಒಂದು ದಾರಿಯಲ್ಲಿ ಮೋಟಾರು ವಾಹನ ಓಡಬಾರದು ಎಂದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ‘ಹಾಗಾದರೆ ಆ ದಾರಿ ಯಾಕೆ ಬೇಕು?’ ಎಂಬುದು. ರಸ್ತೆ ಇರುವುದೇ ವಾಹನಕ್ಕೆ ಎಂದು ನಾವು ಅಷ್ಟು ಗಟ್ಟಿಯಾಗಿ ನಂಬಿಬಿಟ್ಟಿದ್ದೇವೆ. ಈ ನಂಬಿಕೆಯನ್ನು ಅಲುಗಾಡಿಸುವ ಒಂದು ಕಣಿವೆ ಅಮೆರಿಕದ ಒರೆಗಾನ್ ರಾಜ್ಯದಲ್ಲಿದೆ. ಓದಲೆಂದು ಆ ರಾಜ್ಯಕ್ಕೆ ಬಂದಿರುವ, ವಿಜಯಪುರ ಜಿಲ್ಲೆಯ ಹಳ್ಳಿಯ ಹುಡುಗನಾದ ನನಗೆ ಆ ಕಣಿವೆ ಕಲಿಸಿದ್ದು ನಮ್ಮ ಊರಿಗೂ ಬೇಕಾದ ಪಾಠ ಅನ್ನಿಸಿದೆ.

ಕೊಲಂಬಿಯಾ ನದಿ ಪೆಸಿಫಿಕ್ ಸಾಗರ ಸೇರುವ ಮೊದಲು ಕ್ಯಾಸ್ಕೇಡ್ ಪರ್ವತಸಾಲನ್ನು ಸೀಳಿಕೊಂಡು ಸುಮಾರು 130 ಕಿ.ಮೀ. ಉದ್ದದ ಕಣಿವೆಯಲ್ಲಿ ಹರಿಯುತ್ತದೆ. ಎರಡೂ ಕಡೆ ಕಪ್ಪು ಬಂಡೆಯ ಗೋಡೆಗಳು. ಸುಮಾರು 1.7 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ, ಆರಿ, ಬಸಾಲ್ಟ್ ಕಲ್ಲಾಯಿತು. ಹಿಮಯುಗದ ಕೊನೆಯಲ್ಲಿ ಹಿಮದ ಒಡ್ಡು ಮತ್ತೆ ಮತ್ತೆ ಒಡೆದು ನುಗ್ಗಿದ ಮಹಾಪ್ರವಾಹಗಳು ಆ ಕಲ್ಲನ್ನು ಕೊರೆದು ಕಣಿವೆಯನ್ನು ಅಗಲ ಮಾಡಿದವು. ನಮ್ಮ ಗೋಳಗುಮ್ಮಟ ಕಟ್ಟಿರುವುದೂ ಇದೇ ಜಾತಿಯ ಕಲ್ಲಿನಿಂದ. ನಮ್ಮ ದಖ್ಖನ್ ಲಾವಾ ಇನ್ನೂ ಹಿರಿಯದು, ಸುಮಾರು 6.6 ಕೋಟಿ ವರ್ಷದ್ದು.

ಕಣಿವೆಯ ಪೂರ್ವ ತುದಿಯಲ್ಲಿ ಡೆಶೂಟ್ಸ್ ಎಂಬ ಉಪನದಿ ಬಂದು ಕೊಲಂಬಿಯಾವನ್ನು ಸೇರುತ್ತದೆ. 1909ರಿಂದ 1911ರವರೆಗೆ ಇಲ್ಲಿ ಒಂದು ವಿಚಿತ್ರ ಪೈಪೋಟಿ ನಡೆಯಿತು. ಜೇಮ್ಸ್ ಹಿಲ್ ಮತ್ತು ಎಡ್ವರ್ಡ್ ಹ್ಯಾರಿಮನ್ ಎಂಬ ಇಬ್ಬರು ರೈಲು ದೊರೆಗಳ ಕಂಪನಿಗಳು ಆ ದಡಕ್ಕೊಂದು, ಈ ದಡಕ್ಕೊಂದು ಹಳಿ ಹಾಕತೊಡಗಿದವು. ಒಂದೇ ಹಳಿ ಸಾಕಿದ್ದ ಇಕ್ಕಟ್ಟಿನ ಕಣಿವೆಗೆ ಎರಡು ಬಂದವು. ಕಾಲ ಕಳೆದಂತೆ ಪೂರ್ವ ದಡದ ಹಳಿಯನ್ನು ಕಿತ್ತರು. ಪಶ್ಚಿಮ ದಡದಲ್ಲಿ ಗೂಡ್ಸ್ ರೈಲು ಇಂದಿಗೂ ಓಡುತ್ತದೆ. ಹಳಿ ಕಿತ್ತ ಜಾಗದಲ್ಲಿ ಉಳಿದ ಜಲ್ಲಿ-ಮಣ್ಣಿನ ಏರಿಯೇ ಈಗ ನಡೆಯುವವರ, ಸೈಕಲ್ ತುಳಿಯುವವರ ದಾರಿ.

ಡಾಂಬರಿಲ್ಲ, ದೀಪವಿಲ್ಲ. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರು ಬಹಳ ಮೆಲ್ಲಗೆ ಏರುತ್ತದೆ. ದಪ್ಪ ಟೈರಿನ ಸೈಕಲ್ಲಿದ್ದರೆ ಸಾಕು. ಇಂಥ ದಾರಿಗೆಂದೇ ಮಾಡಿದ ಸೈಕಲ್ಲನ್ನು ಅಲ್ಲಿಯವರು ಗ್ರಾವೆಲ್ ಬೈಕ್ ಎನ್ನುತ್ತಾರೆ. ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲ್ ಕುಡಿಯುವ ಗಾಡಿ, ಅಲ್ಲಿ ಸೈಕಲ್ಲೂ ಬೈಕೇ. ಪಕ್ಕದಲ್ಲಿ ನದಿಯ ಸದ್ದು, ಮೇಲೆ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಹ ಬಂಡೆ. ಹಿಂದಿನಿಂದ ಹಾರ್ನ್ ಬರುವುದಿಲ್ಲ ಎಂಬ ನಂಬಿಕೆ ಬಂದ ಮೇಲೆ ಹೆಗಲು ತಾನಾಗಿ ಸಡಿಲವಾಗುತ್ತದೆ. ಹಾವಿನ ಬಗ್ಗೆ ಎಚ್ಚರ ಬೇಕು, ಟೈರಿನ ಬಗ್ಗೆಯೂ. ಅಲ್ಲಿ ಟೈರು ಚುಚ್ಚುವ ಮುಳ್ಳಿಗೆ ಪಂಕ್ಚರ್ ಬಳ್ಳಿ ಎಂದೇ ಹೆಸರು. ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ನೆಗ್ಗಿಲು ಮುಳ್ಳು ಅದು!

ಈ ದಾರಿ ಸುಲಭವಾಗಿ ಸಿಕ್ಕಿತು, ಯಾಕೆಂದರೆ ಅದನ್ನು ಯಾರೂ ಒಡೆಯಲಿಲ್ಲ. ದೊಡ್ಡ ನದಿಯ ದಂಡೆಯ ಕಥೆ ಬೇರೆ. 1913ರಿಂದ 1922ರ ನಡುವೆ ಅಲ್ಲಿ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ಒಂದು ಸುಂದರ ಹೆದ್ದಾರಿ ಸಿದ್ಧವಾಯಿತು. ಜಲಪಾತಗಳ ಬುಡದಲ್ಲಿ ಸಾಗಿ, ಗುಡ್ಡಗಳನ್ನು ಬಳಸಿ ಹೋಗುತ್ತಿದ್ದ ಅದರಲ್ಲಿ ಮಿಚೆಲ್ ಪಾಯಿಂಟ್ ಎಂಬಲ್ಲಿ ನದಿಯತ್ತ ಐದು ಕಿಟಕಿಗಳಿದ್ದ ಸುರಂಗವಿತ್ತು. ಆಮೇಲೆ ವೇಗದ ಕಾಲ ಬಂತು. ನದಿ ದಂಡೆಯಲ್ಲಿ ಅಗಲವಾದ ಹೊಸ ಹೆದ್ದಾರಿ ಬಂದಾಗ ಹಳೆಯ ರಸ್ತೆ ಅಲ್ಲಲ್ಲಿ ತುಂಡಾಯಿತು. ಮೋಸಿಯರ್ ಬಳಿಯ ಜೋಡಿ ಸುರಂಗಗಳಿಗೆ ಕಲ್ಲು ತುಂಬಿದರು. ಐದು ಕಿಟಕಿಗಳ ಸುರಂಗವನ್ನು 1966ರಲ್ಲಿ ಸಿಡಿಸಿಯೇಬಿಟ್ಟರು.

1987ರಲ್ಲಿ ಒರೆಗಾನ್ ಶಾಸನಸಭೆ, ಬಿಟ್ಟುಹೋದ ತುಂಡುಗಳನ್ನು ಜೋಡಿಸಿ ನಡೆಯುವವರಿಗೂ ಸೈಕಲ್‌ನವರಿಗೂ ದಾರಿ ಮಾಡಿ ಎಂದು ತನ್ನ ಸಾರಿಗೆ ಇಲಾಖೆಗೆ ಹೇಳಿತು. ಜೋಡಿ ಸುರಂಗಗಳ ಕಲ್ಲು ತೆಗೆದು 2000ದಲ್ಲಿ ತೆರೆದರು. ಅದರೊಳಗೆ 1921ರ ನವೆಂಬರಿನಲ್ಲಿ ಹಿಮಕ್ಕೆ ಸಿಕ್ಕಿ ದಿನಗಟ್ಟಲೆ ಕಳೆದವರು ಗೋಡೆಗೆ ಕೆತ್ತಿದ ಅಕ್ಷರಗಳು ಹಾಗೇ ಇವೆ. ಮಿಚೆಲ್ ಪಾಯಿಂಟ್‌ನಲ್ಲಿ ಮಾತ್ರ ತೆರೆಯಲು ಏನೂ ಉಳಿದಿರಲಿಲ್ಲ. ಅಲ್ಲಿ ಬಂಡೆಯನ್ನು ಹೊಸದಾಗಿ ಕೊರೆದು, ಮತ್ತೆ ಐದು ಕಿಟಕಿಗಳನ್ನಿಟ್ಟು, ಸುಮಾರು 200 ಮೀಟರ್ ಉದ್ದದ ಸುರಂಗ ಮಾಡಿ ತೆರೆದದ್ದು 2025ರಲ್ಲಿ. ಒಡೆದ 59 ವರ್ಷಕ್ಕೆ! ಇದ್ದದ್ದನ್ನು ಕಾಯುವುದಕ್ಕೆ ಬೇಕಿದ್ದದ್ದು ಒಂದು ನಿರ್ಧಾರ. ಕಳೆದದ್ದನ್ನು ತರುವುದಕ್ಕೆ ಒಂದು ತಲೆಮಾರು ಬೇಕಾಯಿತು.

ಕೆಲವನ್ನಂತೂ ತರಲು ಆಗುವುದೇ ಇಲ್ಲ. ಡೆಶೂಟ್ಸ್ ಸಂಗಮದಿಂದ ಸ್ವಲ್ಪ ಕೆಳಗೆ, ಮೂಲನಿವಾಸಿಗಳು ಸಾವಿರಾರು ವರ್ಷ ಸಾಮನ್ ಮೀನು ಹಿಡಿಯುತ್ತಿದ್ದ ಸೆಲೈಲೋ ಜಲಪಾತವಿತ್ತು. 1957ರ ಮಾರ್ಚ್‌ನಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಮುಳುಗಿತು. ಸೈಕಲ್ ದಾರಿಯ ಸೊಬಗನ್ನು ಹೊಗಳುವಾಗ ಇದನ್ನೂ ನೆನೆಯಬೇಕು. ಆ ಕಣಿವೆಯಲ್ಲಿ ಎಲ್ಲರ ನಷ್ಟವೂ ತುಂಬಿಬಂದಿಲ್ಲ.

‘ಇದೆಲ್ಲ ದುಡ್ಡಿದ್ದವರ ಶೋಕಿ’ ಎಂದು ನೀವು ಹೇಳಬಹುದು. ಒಂದು ಮಟ್ಟಿಗೆ ನಿಜ. ಗ್ರಾವೆಲ್ ಬೈಕಿಗೆ ಲಕ್ಷಗಟ್ಟಲೆ ರೂಪಾಯಿ ಸುರಿಯುವವರಿದ್ದಾರೆ. ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿ, ನೂರಾರು ಕಿ.ಮೀ. ಓಡಿಸಿ, ಮೋಟಾರಿಲ್ಲದ ದಾರಿ ಹುಡುಕಿ ಬರುತ್ತಾರೆ. ನಗು ಬರುವ ವಿಷಯವೇ. ಆದರೆ ದಾರಿ ಯಾರ ಸೈಕಲ್ಲಿನ ಬೆಲೆಯನ್ನೂ ಕೇಳುವುದಿಲ್ಲ. ಹಳೆಯ ಸೈಕಲ್ಲಿನ ಹುಡುಗನೂ ಬರುತ್ತಾನೆ, ಮೀನು ಹಿಡಿಯುವ ಮುದುಕನೂ ಬರುತ್ತಾನೆ. ಹಾಗಿದ್ದರೆ ಶೋಕಿಗೆ ಹೋಗುವವರಿಗೆ ಸಿಗುವ ನೆಮ್ಮದಿ, ಶಾಲೆಗೆ ಹೋಗುವವರಿಗೆ ಯಾಕೆ ಸಿಗಬಾರದು?

ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ನನ್ನ ತಂಗಿಗೂ ಒಂದು ಸಿಕ್ಕಿತ್ತು. ಆರು ಕಿ.ಮೀ. ದೂರದ ಹೈಸ್ಕೂಲಿಗೆ ಅವಳು ನಾಲ್ಕು ತಿಂಗಳು ಅದರಲ್ಲೇ ಹೋದಳು. ಕಬ್ಬಿನ ಹಂಗಾಮು ಶುರುವಾಯಿತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಿದವು. ‘ಬ್ಯಾಡವ್ವಾ, ಬಸ್ಸಿಗೇ ಹೋಗು’ ಎಂದು ಅಪ್ಪ ಸೈಕಲ್ಲನ್ನು ಪಡಸಾಲೆಯಲ್ಲಿ ನಿಲ್ಲಿಸಿದರು. ಅಪ್ಪನ ಭಯ ತಪ್ಪಲ್ಲ. ಆದರೆ ಸಂಜೆಯ ಬಸ್ಸು ಬೇಗ ಹೊರಡುತ್ತಿತ್ತು. ಅವಳಿಗೆ ಕೊನೆಯ ತರಗತಿ ತಪ್ಪಿತು, ಆಟವೂ ತಪ್ಪಿತು. ಸೈಕಲ್ ಕೊಟ್ಟ ನಾವು ಅದನ್ನು ತುಳಿಯಲು ದಾರಿ ಕೊಡುವುದನ್ನು ಮರೆತೆವು.

ದಾರಿ ಇರಲಿಲ್ಲವೇ? ಇತ್ತು. ನಮ್ಮೂರಿನಿಂದ ಶಾಲೆಯ ಊರಿನವರೆಗೆ ಕಾಲುವೆಯ ದಂಡೆಗುಂಟ ಗರಸಿನ ದಾರಿಯಿದೆ. ಈಗ ಅಲ್ಲಿ ಜಾಲಿಕಂಟಿ ಬೆಳೆದಿದೆ, ಎರಡು ಕಡೆ ಮಳೆನೀರು ಏರಿಯನ್ನು ಕೊಚ್ಚಿದೆ. ಇಂಥ ದಾರಿಗಳು ಬಹಳ ಊರುಗಳಲ್ಲಿವೆ: ಕಾಲುವೆ ದಂಡೆ, ಕೆರೆ ಏರಿ, ಹಳೆಯ ಬಂಡಿ ಜಾಡು. ಇವಕ್ಕೆ ಡಾಂಬರು ಬೇಡ. ಡಾಂಬರು ಬಿದ್ದರೆ ಮರುದಿನವೇ ಟ್ರ್ಯಾಕ್ಟರ್ ಬರುತ್ತದೆ. ಕಂಟಿ ಕಡಿದು, ಕೊಚ್ಚಿದಲ್ಲಿ ಪೈಪು ಹಾಕಿ ಗರಸು ತುಂಬಿ, ನೀರಿನ ಕಡೆ ತಡೆಗೋಡೆ ಕಟ್ಟಬೇಕು. ಎರಡೂ ತುದಿಯಲ್ಲಿ ಸೈಕಲ್ ಮಾತ್ರ ತೂರುವಷ್ಟು ಅಂತರ ಬಿಟ್ಟು ಕಲ್ಲು ನೆಡಬೇಕು. ಹೊಲಕ್ಕೆ ಹೋಗುವ ರೈತರ ಬಂಡಿಗೆ ಎಲ್ಲಿ ದಾರಿ ಬಿಡಬೇಕು ಎಂಬುದನ್ನು ಅವರೊಂದಿಗೇ ಕೂತು ತೀರ್ಮಾನಿಸಬಹುದು.

ಒರೆಗಾನ್‌ನವರು ಒಡೆದ ಮೇಲೆ ಕಲಿತರು. ನಮ್ಮಲ್ಲಿ ಇನ್ನೂ ಒಡೆಯದ ದಾರಿಗಳಿವೆ. ಈ ಪುಟ ಓದುತ್ತಿರುವ ಗೆಳೆಯ ಗೆಳತಿಯರೇ, ಬರುವ ಭಾನುವಾರ ನಿಮ್ಮೂರಿನ ಅಂಥದೊಂದು ದಾರಿಯನ್ನು ತುದಿಯಿಂದ ತುದಿಗೆ ನಡೆದು ನೋಡಿ. ಎಲ್ಲಿ ಕೊಚ್ಚಿದೆ, ಎಲ್ಲಿ ಒತ್ತುವರಿಯಾಗಿದೆ, ಎಷ್ಟು ಮಕ್ಕಳಿಗೆ ಅದು ಶಾಲೆಯ ದಾರಿ ಆದೀತು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಆ ಚೀಟಿ ಹಿಡಿದು ಎದ್ದು ನಿಲ್ಲಿ.