ಈಳಿಗೆ ಗಾಯಕ್ಕೆ ಅರಿಷಿಣ ಬೇಡ

ಇಂಡಿ ಲಿಂಬೆಹಣ್ಣು ಪ್ಯಾಟಿಗೆ ಬಂದರೆ ಸಿಂದಗಿ, ಮುದ್ದೇಬಿಹಾಳದವರೆಗೂ ಉಪ್ಪಿನಕಾಯಿಯ ಗಡಿಬಿಡಿ. ಹೋದ ವರ್ಷ ಹರಟುತ್ತ ಹಣ್ಣು ಹೆಚ್ಚುವಾಗ ರಸದ ಕೈ ಜಾರಿ ನನ್ನ ಹೆಬ್ಬೆರಳು ಸೀಳಿತು. ನಮ್ಮತ್ತಿ ಓಡಿ ಬಂದು ಅರಿಷಿಣ ಮೆತ್ತಿ, ಹಳೇ ಚಿಂದಿ ಕಟ್ಟಿದರು. ಮೂರನೇ ದಿನಕ್ಕೆ ಬೆರಳು ಬದನೆಕಾಯಿಯಂತೆ ಬಾತಿತ್ತು! "ಅಕ್ಕಾರ, ಅರಿಷಿಣ ಪಲ್ಯಾಕ್ಕ ಹಾಕ್ರಿ, ಗಾಯಕ್ಕ ಬ್ಯಾಡ" ಅಂದರು ನರ್ಸಬಾಯಿ.

ಸೋದರಿಯರೇ, ಕೈ ಕೊಯ್ದರೆ ಒಗೆದ ಬಟ್ಟೆಯಿಂದ ಪೂರಾ 10 ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಬಿಚ್ಚಿ ನೋಡಿದರೆ ಕಟ್ಟಿದ ರಕ್ತ ಮತ್ತೆ ಒಸರುತ್ತದೆ. ನಿಂತ ಮೇಲೆ ಶುದ್ಧ ನೀರು ಸುರಿದು ತೊಳೆದು, ಸ್ವಚ್ಛ ಪಟ್ಟಿ ಕಟ್ಟಿರಿ. ಬೂದಿ, ಕಾಫಿಪುಡಿ, ಸುಣ್ಣ ಏನೂ ಬೇಡ. ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ಬೆರಳು ಜೋಮು ಹಿಡಿದರೆ ತಡಮಾಡದೆ ದವಾಖಾನೆಗೆ ನಡೆಯಿರಿ.

ಧನುರ್ವಾಯು ತುಕ್ಕಿನಿಂದಲೇ ಬರುತ್ತದೆಂಬುದು ತಪ್ಪು. ಅದರ ರೋಗಾಣು ಮಣ್ಣು, ಸಗಣಿಯಲ್ಲಿರುತ್ತದೆ. ತೋಟದಲ್ಲಿ ಲಿಂಬೆಮುಳ್ಳು ಆಳವಾಗಿ ಚುಚ್ಚಿದರೂ ಅಷ್ಟೇ. ಹಿಂದಿನ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಡಾಕ್ಟರಿಗೆ ಹೇಳಿರಿ.

ಮೊಂಡು ಈಳಿಗೆಯೇ ಹೆಚ್ಚು ಕೊಯ್ಯುವುದು, ಬಲ ಹಾಕಿ ಒತ್ತುತ್ತೇವಲ್ಲ! ಸಾಣೆ ಹಿಡಿಸಿರಿ. ಕೈ ಒರೆಸಿಕೊಂಡೇ ಹೆಚ್ಚಿರಿ. ಕೆಲಸ ಮುಗಿದೊಡನೆ ಮಕ್ಕಳ ಕೈಗೆಟುಕದಂತೆ ಎತ್ತಿಡಿರಿ.

ನಮ್ಮತ್ತಿ ಈಗಲೂ ಅರಿಷಿಣದ ಡಬ್ಬಿ ಹಿಡಿದೇ ಓಡಿ ಬರುತ್ತಾರೆ. ನಾನು ಕೈ ಬೆನ್ನ ಹಿಂದೆ ಬಚ್ಚಿಡುತ್ತೇನೆ.